ಹಗ್ಗ ಯಾರ ಕೈಲಿದೆ

ನಾನು ಹೊಟ್ಟೆಕಿಚ್ಚಿನ ಮನುಷ್ಯ. ನಮ್ಮ ಹಾಡಿಯ ಜನ ಇದನ್ನು ಮೊದಲಿನಿಂದಲೂ ಹೇಳುತ್ತಿದ್ದರು, ನಾನು ಒಪ್ಪುತ್ತಿರಲಿಲ್ಲ. ಕೊನೆಗೆ ಒಂದು ಯಂತ್ರವೇ ಪರದೆಯ ಮೇಲೆ ಗೆರೆ ಬರೆದು ತೋರಿಸಿತು. ಯಂತ್ರದ ಜೊತೆ ವಾದ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಅದು ಯುದ್ಧ ಶುರುವಾದ ವರ್ಷ. ಗಡಿಯ ದಟ್ಟ ಕಾಡಿನಲ್ಲಿ ಎಲೆಗಳ ಕೆಳಗೆ ನಡೆಯುವುದು ಯಾವ ಡ್ರೋನಿಗೂ ಕಾಣುತ್ತಿರಲಿಲ್ಲವಂತೆ. ಅದಕ್ಕಾಗಿ ಜಾಡು ದಳ ಎಂಬ ಹೊಸ ಪಡೆ ಕಟ್ಟಿದರು. ಎಲ್ಲೆಲ್ಲಿ ಕಾಡಿನ ಜನರಿದ್ದಾರೋ ಅಲ್ಲಿಗೆಲ್ಲ ಹೋಗಿ ಗುರುತು ಹಿಡಿಯಬಲ್ಲವರನ್ನು ಆರಿಸಿದರು. ನಮ್ಮ ಜೇನುಕುರುಬರ ಹಾಡಿಗೂ ಬಂದರು. ಹಿಂದೆ ನಮ್ಮನ್ನು ಕಾಡಿನಿಂದ ಎಬ್ಬಿಸಲು ಬರುತ್ತಿದ್ದಂಥ ಜೀಪುಗಳೇ ಈಗ ಕಾಡು ಬಲ್ಲವರು ಬೇಕು ಎಂದು ಬಂದು ನಿಂತವು. ನಮಗೂ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆ ನಡೆದದ್ದು ಆಶ್ರಮಶಾಲೆಯ ಹಿಂದಿನ ಬಯಲಿನಲ್ಲಿ. ಕೊನೆಗೆ ಉಳಿದವರು ಇಬ್ಬರು, ನಾನು ಮತ್ತು ಬೊಮ್ಮ. ಬೊಮ್ಮ ನನ್ನ ಅಕ್ಕ ಕೆಂಪಿಯ ಗಂಡ, ನನಗೆ ಭಾವ. ಇಬ್ಬರ ಕಿವಿಯ ಹಿಂದೆಯೂ ಒಂದೊಂದು ಬಿಲ್ಲೆ ಅಂಟಿಸಿ, ಅದರ ತಂತಿಯನ್ನು ಕಿವಿಯ ಮೇಲ್ಭಾಗಕ್ಕೆ ಸುತ್ತಿದರು. ಆ ಸಾಧನಕ್ಕೆ ಏನೋ ಉದ್ದದ ಹೆಸರಿತ್ತು. ನಮ್ಮ ಹೆಂಗಸರು ನೋಡಿ ನಕ್ಕು ಬುಗುಡಿ ಎಂದರು. ದಳದವರ ಜೊತೆ ಬಂದಿದ್ದ ಡಾಕ್ಟರೂ ಆಮೇಲೆ ಬುಗುಡಿ ಎಂದೇ ಕರೆಯತೊಡಗಿದರು.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಡಾಕ್ಟರು ವಿವರಿಸಿದರು. ಮುರಿದ ಹುಲ್ಲನ್ನೋ ಜರುಗಿದ ಕಲ್ಲನ್ನೋ ಕಂಡಾಗ ಜಾಡು ಬಲ್ಲವನ ಮಿದುಳು, ಅವನಿಗೇ ಗೊತ್ತಾಗುವ ಅರೆಕ್ಷಣ ಮೊದಲು ಮಿಡಿಯುತ್ತದೆ. ಬುಗುಡಿ ಆ ಮಿಡಿತವನ್ನು ಹಿಡಿದು ದೂರದ ಕೇಂದ್ರಕ್ಕೆ ಕಳಿಸುತ್ತದೆ, ಅಲ್ಲಿ ನಕ್ಷೆಯ ಮೇಲೆ ಚುಕ್ಕೆ ಬೀಳುತ್ತದೆ. ಆದರೆ ಮಿದುಳು ಅದೊಂದಕ್ಕೇ ಮಿಡಿಯುವುದಿಲ್ಲವಲ್ಲ. ಹಸಿವು, ಹೆದರಿಕೆ, ಹೆಂಡತಿ, ಮನೆಯಲ್ಲಿ ಬಿಟ್ಟುಬಂದ ಕೂಸು, ಎಲ್ಲಕ್ಕೂ ಮಿಡಿಯುತ್ತದೆ. ಅವರ ಭಾಷೆಯಲ್ಲಿ ಅದೆಲ್ಲ ಗದ್ದಲ. ಬುಗುಡಿ ಸಣ್ಣಗೆ ಕರೆಂಟು ಹರಿಸಿ ಆ ಗದ್ದಲವನ್ನು ಒತ್ತಿಡುತ್ತದೆ.

ಬಯಲಿನಲ್ಲಿ ಅವರು ಮಾಡಿಟ್ಟಿದ್ದ ಗುರುತುಗಳಲ್ಲಿ ಭಾವ ಹದಿನಾಲ್ಕನ್ನು ಹಿಡಿದ. ನಾನು ಹದಿನಾರನ್ನು ಹಿಡಿದೆ. ಹಾಗಿದ್ದೂ ಡಾಕ್ಟರು ಭಾವನ ಬೆನ್ನು ತಟ್ಟಿ, ನನ್ನನ್ನು ಪರದೆಯ ಹತ್ತಿರ ಕರೆದರು.

"ನಿಮ್ಮ ತಲೇಲಿ ಸಂತೆ ನಡೀತಾ ಇದೆ ಕಣ್ರೀ. ಉಳಿದಿದ್ದೆಲ್ಲ ಕೆಳಗಿಳಿದಿದೆ, ಇದೊಂದು ಗೆರೆ ಮಾತ್ರ ಎಷ್ಟು ಒತ್ತಿದ್ರೂ ಇಳೀತಿಲ್ಲ. ನೀವು ಪಕ್ಕದೋರ ಕಡೆ ನೋಡಿದಾಗೆಲ್ಲ ಎದ್ದು ಕೂತ್ಕೊಳ್ಳುತ್ತೆ. ಅವರು ನಿಮಗೇನಾಗ್ಬೇಕು?"

"ಅಕ್ಕನ ಗಂಡ."

ಡಾಕ್ಟರು ನಕ್ಕರು. ಭಾವನ ಗೆರೆ ಕೆರೆಯ ನೀರಿನ ಹಾಗೆ ಮಲಗಿತ್ತು. ನನ್ನ ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದಂತಾಯಿತು.

ನಮ್ಮಿಬ್ಬರ ಸಂಬಂಧ ಬರೀ ಭಾವ ಭಾವಮೈದುನರದಲ್ಲ, ಅದಕ್ಕೇ ಈ ಉರಿ. ನಮ್ಮ ಹಾಡಿಯಲ್ಲಿ ಬಂಡೆಯ ಹೆಜ್ಜೇನು ಇಳಿಸುವಾಗ ಒಬ್ಬ ಹಗ್ಗದಲ್ಲಿ ಇಳಿಯುತ್ತಾನೆ, ಮೇಲೆ ಒಬ್ಬ ಹಗ್ಗ ಹಿಡಿಯುತ್ತಾನೆ. ಹಿಡಿಯುವವನು ಇಳಿದವನ ಹೆಂಡತಿಯ ತಮ್ಮನೋ ಅಣ್ಣನೋ ಆಗಿರಬೇಕು, ಬೇರೆ ಯಾರ ಕೈಗೂ ಕೊಡುವಂತಿಲ್ಲ. ಇಳಿದವನ ಸ್ವಂತ ಅಣ್ಣನಾದರೆ ಆಸ್ತಿಗೋ ಹಗೆಗೋ ಕೈ ಸಡಿಲ ಮಾಡಿಯಾನು. ತನ್ನ ಅಕ್ಕನ ತಾಳಿಯನ್ನು ತಾನೇ ಕೈಬಿಡುವವನು ಇಲ್ಲ ಎಂದು ಹಿರಿಯರ ಲೆಕ್ಕಾಚಾರ. ಭಾವ ಇಳಿಯುವಾಗ ಹಾಡು ಹೇಳಿಕೊಂಡೇ ಇಳಿಯುತ್ತಿದ್ದ. ಹಾಡು ನಡೆಯುತ್ತಿದ್ದರೆ ಬಿಡುತ್ತಾ ಹೋಗಬೇಕು, ನಿಂತರೆ ಎಳೆಯಬೇಕು. ಗಾಳಿಗೆ ಮೇಲಿನವನಿಗೆ ಅರ್ಧ ಹಾಡು ಮಾತ್ರ ಕೇಳಿಸುತ್ತದೆ. ಆ ಅರ್ಧ ಹಾಡಿನ ಮೇಲೆ ಏಳು ವರ್ಷ ಅವನ ಜೀವ ಹಿಡಿದಿದ್ದೆ. ಇಳಿಯುವವನನ್ನು ಎಲ್ಲರೂ ಹೊಗಳುತ್ತಾರೆ, ಹಿಡಿಯುವವನ ಅಂಗೈ ಸುಲಿದದ್ದನ್ನು ಯಾರೂ ಕೇಳುವುದಿಲ್ಲ. ಅದೂ ಒಂದು ಉರಿ.

ದಳ ಸೇರುವ ದಿನ ಭಾವ ಅರ್ಜಿ ತುಂಬಿಸಿದ. ನಿಮ್ಮ ಜೀವಕ್ಕೆ ಸಂಬಂಧಪಟ್ಟ ವಿಷಯ ಯಾರಿಗೆ ತಿಳಿಸಬೇಕು ಎಂಬ ಸಾಲಿನಲ್ಲಿ ನನ್ನ ಹೆಸರು ಬರೆಸಿದ. ಹೆಂಡತಿ ಹೆಸರು ಹೇಳಪ್ಪ ಎಂದು ಗುಮಾಸ್ತ ಎರಡು ಸಲ ಹೇಳಿ ನೋಡಿದ.

"ಜೀವ ಅಂದ್ರಲ್ಲ ಸಾಮಿ," ಎಂದ ಭಾವ. "ಅದು ಮುತ್ತನ್ದು."

ಆ ಮಾತು ಕೇಳಿ ಒಂದು ಗಳಿಗೆ ನನ್ನ ಕಿಚ್ಚು ಆರಿತ್ತು. ಒಂದೇ ಗಳಿಗೆ.

*

ಮೊದಲ ರಜೆಗೆ ಅವನು ಬಂದದ್ದು ಹತ್ತು ತಿಂಗಳ ಮೇಲೆ. ಬುಗುಡಿ ಕಿವಿಯಲ್ಲೇ ಇತ್ತು, ತೆಗೆಯುವಂತಿರಲಿಲ್ಲ. ಹಾಡಿಯೇ ಎದ್ದು ಬಂದು ಅವನನ್ನು ಸುತ್ತಿಕೊಂಡಿತು. ಪೇಪರಿನಲ್ಲಿ ಅವನ ಫೋಟೋ ಬಂದಿತ್ತು, ಹೆಸರು ಹಾಕಿರಲಿಲ್ಲ. ನನ್ನನ್ನು ಜನ ಮುತ್ತ ಎನ್ನುವುದು ಬಿಟ್ಟು ಬೊಮ್ಮನ ಭಾವಮೈದ ಎನ್ನತೊಡಗಿದ್ದರು. ನಾನು ದೂರದಲ್ಲಿ ಬಿದಿರು ಸೀಳುತ್ತಾ ಕುಳಿತೆ.

ಭಾವನ ಮಗಳು ಜಾಜಿ ಆಗಿನ್ನೂ ಎರಡು ವರ್ಷದ ಕೂಸು. ಅಪ್ಪನ ಬೂಟು ನೋಡಲು ಓಡಿಬಂದವಳು ಎಡವಿ ಬಿದ್ದು ಕಿರುಚಿಕೊಂಡಳು. ಭಾವ ಬಗ್ಗಿ ಅವಳ ಮಂಡಿಯನ್ನು ನೋಡಿದ, ನೆಲದ ಮಣ್ಣನ್ನು ನೋಡಿದ.

"ಎಡಗಾಲು ಮೊದಲು ತಗಲಿದೆ. ಓಡ್ತಾ ಇದ್ದಳು. ಭಾರ ಏನೂ ಹೊತ್ತಿರಲಿಲ್ಲ," ಎಂದ.

ಹೇಳಿ ಸುಮ್ಮನೆ ನಿಂತ. ಕೂಸು ಕೈ ಚಾಚಿಕೊಂಡೇ ಅಳುತ್ತಿತ್ತು. ನಾನೇ ಹೋಗಿ ಎತ್ತಿಕೊಂಡೆ. ಬೇರೆ ಅಪ್ಪನಾಗಿದ್ದರೆ ಕೂಸನ್ನು ನನ್ನ ಕೈಯಿಂದ ಕಸಿದುಕೊಳ್ಳುತ್ತಿದ್ದ.

ಊಟಕ್ಕೆ ಕುಳಿತಾಗ ತುತ್ತು ಬಾಯಿಗಿಡುವ ಹೊತ್ತಿಗೆ ಅವನು ತಟ್ಟನೆ ನೆಟ್ಟಗೆ ಕುಳಿತು, "ಹೇಳಿ ಮೇಡಂ," ಎಂದ.

ಅಕ್ಕ ಸೌಟು ಹಿಡಿದುಕೊಂಡೇ ನಿಂತಳು. "ಯಾರ್ ಅದು?"

"ಕೇಂದ್ರ."

"ಕೇಂದ್ರಕ್ಕೆ ಹೆಂಗಸಿನ ಗಂಟಲೂ ಅದಾ?"

"ಒಬ್ಬರು ಮೇಡಂ. ದಿನಾ ಅವರೇ. ಎಲ್ಲಿ ಕಾಲಿಡಬೇಕು, ಯಾವಾಗ ಮಲಗಬೇಕು, ಎಲ್ಲಾ ಹೇಳ್ತಾರೆ." ಅವನು ತುತ್ತು ನುಂಗಿದ. "ಹೆಸರು ಗೊತ್ತಿಲ್ಲ."

ಅವನ ಮಾತಿನಿಂದ ಹಾಡಿಯ ಸೊಗಡೇ ಹೋಗಿತ್ತು. ಆ ಮೇಡಂ ಆಡುವಂತೆಯೇ ಆಡುತ್ತಿದ್ದ. ಅಕ್ಕ ಆ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಅವನು ಅದನ್ನೂ ಸುಮ್ಮನೆ ಉಂಡ. ಅಕ್ಕನಿಗೆ ಹೊಟ್ಟೆ ಉರಿದದ್ದು ಎಲ್ಲರಿಗೂ ಅರ್ಥವಾಗುವಂಥದ್ದು. ನನ್ನದನ್ನು ಯಾರ ಹತ್ತಿರ ಹೇಳಲಿ? ಅವನು ಎಲ್ಲಿ ಕಾಲಿಡಬೇಕು ಎಂದು ಹೇಳುವವನು ನಾನು. ಯಾವುದೋ ಊರಿನಲ್ಲಿ, ಫ್ಯಾನಿನ ಕೆಳಗೆ ಕುಳಿತ ಒಬ್ಬಳು ನನ್ನ ಹಗ್ಗವನ್ನು ಎತ್ತಿಕೊಂಡು ಹೋಗಿದ್ದಳು. ಅವಳ ಅಂಗೈ ಒಂದು ದಿನವಾದರೂ ಸುಲಿದಿರಲಾರದು ಎಂದು ನೆನೆದು ನೆನೆದು ಉರಿದೆ.

*

ನಾಲ್ಕು ವರ್ಷಕ್ಕೆ ಯುದ್ಧ ನಿಂತಿತು. ಯಾರು ಗೆದ್ದರು ಎಂದು ನಮ್ಮ ಹಾಡಿಗೆ ಸರಿಯಾಗಿ ತಿಳಿಯಲಿಲ್ಲ. ಭಾವನನ್ನು ಕರೆದುಕೊಂಡು ಹೋಗಲು ಬರಬೇಕೆಂದು ಕಾಗದ ಬಂತು, ಅರ್ಜಿಯ ಪ್ರಕಾರ ನನ್ನ ಹೆಸರಿಗೆ. ಅಕ್ಕ ಆ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಗಂಡನ ಕಾಗದಾನೂ ನಿಂಗೇ ಬತ್ತದೆ," ಎಂದು ನನ್ನ ಕಡೆ ಎಸೆದಳು.

ಎರಡು ದಿನ ರೈಲಿನಲ್ಲಿ ಹೋಗಿ ಕೇಂದ್ರ ಮುಟ್ಟಿದೆ. ಗುಡ್ಡದ ಮೇಲಿನ ತಣ್ಣನೆಯ ಕಟ್ಟಡ. ಒಳಗೆ ಸಾಲು ಸಾಲು ಪರದೆಗಳು, ಹೆಚ್ಚಿನವು ಆರಿದ್ದವು. ಒಂದು ಗೋಡೆಯ ತುಂಬ ದಳದ ನಾಯಿಗಳ ಫೋಟೋಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು, ಕೆಳಗೆ ಹೆಸರುಗಳು: ರಾಣಿ, ಶೂರ, ಮಿಂಚು. ಎದುರು ಗೋಡೆಯಲ್ಲಿ ದಳದ ಗಂಡಸರ ಪಟ್ಟಿ. ಅಲ್ಲಿ ಒಂದರಿಂದ ಅರವತ್ತರವರೆಗೆ ಅಂಕಿಗಳಿದ್ದವು. ಕೆಲವು ಅಂಕಿಗಳ ಮೇಲೆ ಗೆರೆ ಎಳೆದಿದ್ದರು.

ಮೇಡಂ ಬಂದಳು. ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸು ಬೇರೆ. ಇವಳಿಗೆ ನೆಗಡಿಯಾಗಿತ್ತು, ಮೂಗು ಕೆಂಪಾಗಿತ್ತು, ಸ್ವೆಟರಿನ ಒಂದು ಗುಂಡಿ ಕಿತ್ತುಹೋಗಿತ್ತು. ಹೆಸರು ಸುಹಾಸಿನಿ ಎಂದಳು. ಕುರ್ಚಿ ತೋರಿಸಿ, ಮೇಜಿನ ಮೇಲೆ ಕೈಯಗಲದ ಒಂದು ಪೆಟ್ಟಿಗೆ ಇಟ್ಟಳು. ಪೆಟ್ಟಿಗೆಗೆ ಒಂದು ಸಣ್ಣ ಪರದೆ, ಹತ್ತರಿಂದ ಸೊನ್ನೆಯವರೆಗೆ ತಿರುಗಿಸುವ ಗುಂಡಿ, ಪಕ್ಕದಲ್ಲಿ ಕೆಂಪಗಿನ ಇನ್ನೊಂದು ಗುಂಡಿ.

"ಹದಿನೇಳರ ಬುಗುಡಿಯನ್ನ ಒಂದೇ ಸಲ ಕೀಳೋ ಹಾಗಿಲ್ಲ," ಎಂದಳು. ಹದಿನೇಳು ಎಂದರೆ ನಮ್ಮ ಭಾವ. "ನಾಲ್ಕು ದಿನಕ್ಕೊಮ್ಮೆ ಒಂದೊಂದೇ ಮೆಟ್ಟಿಲು ಇಳಿಸ್ಬೇಕು. ನಲವತ್ತು ದಿನ. ಕೆಂಪು ಗುಂಡಿ ಒತ್ತಿದ್ರೆ ನಾನು ಸಿಗ್ತೀನಿ, ನನ್ನ ಧ್ವನಿ ಅವರ ಕಿವಿಗೂ ಹೋಗುತ್ತೆ."

ಆ ಕೆಂಪು ಗುಂಡಿಯನ್ನು ಸತ್ತರೂ ಒತ್ತುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿಕೊಂಡೆ.

"ಇಳಿಸಿದ್ರೆ ಏನಾಯ್ತದೆ?"

"ಒತ್ತಿಟ್ಟಿದ್ದೆಲ್ಲ ಮೇಲೆ ಬರುತ್ತೆ. ಬಿಡಿಬಿಡಿಯಾಗಿ ಬರಲ್ಲ, ಒಟ್ಟಿಗೆ ಬರುತ್ತೆ." ಅವಳು ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. "ತುಂಬ ಮನೆಗಳಲ್ಲಿ ಮೂರಕ್ಕೋ ನಾಲ್ಕಕ್ಕೋ ಬಂದು ಮತ್ತೆ ಹತ್ತಕ್ಕೆ ತಿರುಗಿಸಿಬಿಡ್ತಾರೆ. ಹತ್ತರಲ್ಲಿದ್ರೆ ಅವರು ಕುಡಿಯಲ್ಲ, ರೇಗಲ್ಲ, ಹೇಳಿದ ಕೆಲಸ ಮಾಡ್ತಾರೆ. ಮನೆಯೋರಿಗೂ ಅದೇ ಸುಖ ಅನ್ಸುತ್ತೆ."

ನನಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು. ನಾಚಿಕೆ ಬಿಟ್ಟು ಕೇಳಿದೆ, ಭಾವ ಯಾವಾಗಲಾದರೂ ನನ್ನ ಮಾತು ಎತ್ತಿದ್ದನೇ ಎಂದು.

ಅವಳು ಸ್ವಲ್ಪ ಯೋಚಿಸಿದಳು. "ಹೆಸರು ಹೇಳೋ ಹಾಗಿರಲಿಲ್ಲ. ಆದ್ರೆ ಮೊದಲ ಕೆಲವು ತಿಂಗಳು, ಕಡಿದಾದ ಜಾಗ ಇಳಿಯೋವಾಗೆಲ್ಲ ಒಂದು ಮಾತು ಕೇಳ್ತಿದ್ರು. ಹಗ್ಗ ಯಾರ ಕೈಲಿದೆ ಅಂತ. ನನಗೆ ಅರ್ಥ ಆಗ್ತಿರಲಿಲ್ಲ, ಅಲ್ಲಿ ಹಗ್ಗಾನೇ ಇರಲಿಲ್ಲ. ಮೇಲಿನೋರನ್ನ ಕೇಳಿದೆ. ಕೇಂದ್ರದ ಕೈಲಿದೆ ಅಂತ ಹೇಳು ಅಂದ್ರು. ಹಾಗೇ ಹೇಳ್ತಿದ್ದೆ. ಆಮೇಲೆ ಕೇಳೋದು ನಿಲ್ಲಿಸಿದ್ರು."

ಆ ಕ್ಷಣ ಅವಳನ್ನು ಕುರ್ಚಿ ಸಮೇತ ಕಿಟಕಿಯಿಂದ ಆಚೆ ಎಸೆಯಬೇಕು ಎನಿಸಿತ್ತು. ಅವಳು ಪರದೆಯೊಂದನ್ನು ಹೊತ್ತಿಸಿ, ಒಂದು ದಿನದ ದಾಖಲೆ ತೆಗೆದಳು.

"ಇದನ್ನ ನಿಮಗೆ ಹೇಳ್ಲೇಬೇಕು. ಎರಡನೇ ವರ್ಷ, ಒಂದು ಗುಡ್ಡದ ಬೆನ್ನಲ್ಲಿ ಇವರಿಗೆ ಹೆಜ್ಜೆ ಗುರುತು ಸಿಕ್ಕಿತು. ಮೂವರು ಹೆಂಗಸರು, ಒಂದು ಮಗು, ಹೊಗೆ ಹಾಕೋ ಸೊಪ್ಪಿನ ಕಟ್ಟಿನ ಬೂದಿ. ಗಡಿಯ ಆಚೆ ಕಡೆಯ ಜೇನು ಇಳಿಸೋ ಜನ. ಅವರು ಅಂಥವರು ಅಂತ ಇವರಿಗೆ ಗೊತ್ತಿತ್ತು, ಹಾಗಂತ ಬಾಯಿಬಿಟ್ಟು ಹೇಳಿದ್ರು. ಆದ್ರೆ ಕೇಂದ್ರಕ್ಕೆ ಬೇಕಾಗಿದ್ದು ಚುಕ್ಕೆ ಮಾತ್ರ. ಚುಕ್ಕೆ ಸ್ವಚ್ಛವಾಗಿ ಬಿತ್ತು. ನಾನು ಮುಂದಕ್ಕೆ ಕಳಿಸಿದೆ. ಹತ್ತು ನಿಮಿಷಕ್ಕೆ ಬೆಂಕಿ ಬಿತ್ತು." ಅವಳು ಪರದೆಯ ಮೇಲಿನ ಗೆರೆಯನ್ನು ತೋರಿಸಿದಳು. "ನೋಡಿ, ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಅವತ್ತು ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ರು. ನನಗೆ ಯಾರೂ ಬುಗುಡಿ ಹಾಕಿರಲಿಲ್ಲ. ನಾನು ಹೋಗಿ ವಾಂತಿ ಮಾಡ್ಕೊಂಡೆ."

ಹೊರಡುವ ಹೊತ್ತಿಗೆ ಅವಳು ಬಾಗಿಲವರೆಗೂ ಬಂದಳು. ಏನೋ ಕೇಳಬೇಕು, ಕೇಳಲಾರಳು ಎಂಬಂತೆ ನಿಂತಳು.

"ಅವರ ಹೆಸರೇನು?"

ನಾಲ್ಕು ವರ್ಷ ಅವನ ಕಿವಿಯೊಳಗೆ ಕುಳಿತಿದ್ದವಳಿಗೆ ಅವನ ಹೆಸರು ಗೊತ್ತಿರಲಿಲ್ಲ. ಮೊದಲು ನನಗೆ ಗೆದ್ದಷ್ಟು ಸಂತೋಷವಾಯಿತು. ಹೆಸರನ್ನು ಅವಳಿಗೆ ಕೊಡದೆಯೇ ಹೋಗಿಬಿಡೋಣ ಎಂದುಕೊಂಡೆ. ಆಮೇಲೆ ಅದೇ ಮಾತು ಎದೆಗೆ ಬಡಿಯಿತು. ನಾಲ್ಕು ವರ್ಷ ಅಲ್ಲಿ ಅವನನ್ನು ಹೆಸರು ಹಿಡಿದು ಯಾರೂ ಕರೆದಿರಲಿಲ್ಲ.

"ಬೊಮ್ಮ," ಎಂದೆ. ಎರಡಕ್ಷರವೂ ನನ್ನ ಬಾಯಿಂದ ಒತ್ತಾಯಕ್ಕೆ ಹೊರಟವು.

*

ಭಾವ ಮನೆಗೆ ಬಂದ. ಹೇಳಿದ ಕಟ್ಟಿಗೆ ಒಡೆಯುತ್ತಿದ್ದ, ಹೇಳಿದ ನೀರು ತರುತ್ತಿದ್ದ. ಮಲಗು ಎಂದರೆ ಮಲಗುತ್ತಿದ್ದ. ಹಾಡಿಯ ಹೆಂಗಸರು ಅಕ್ಕನ ಅದೃಷ್ಟ ನೋಡಿ ಕರುಬಿದರು. ಅವರ ಗಂಡಂದಿರು ಕುಡಿದು ಬೀಳುತ್ತಿದ್ದರಲ್ಲ.

"ಅವರ್ಗೇನ್ ಗೊತ್ತು," ಎಂದಳು ಅಕ್ಕ ನನ್ನ ಹತ್ತಿರ. "ಪಕ್ಕದಲ್ಲಿ ಮರದ ದಿಮ್ಮಿ ಮಲಗ್ದಂಗದೆ. ಮೊದ್ಲು ನಾನು ಯಾರ್ ಜೊತೆ ನಕ್ಕು ಮಾತಾಡುದ್ರೂ ಎರಡ್ ದಿನ ಮುಖ ಊದಿಸ್ಕೊತಿದ್ದ. ಆಗ ಬೈಕತಿದ್ದೆ ಕಣ್ಲಾ. ಈಗ ಬೇಕೂಂತ ಅವನ ಮುಂದೇನೇ ನಗ್ತೀನಿ, ತಿರುಗೂ ನೋಡಲ್ಲ."

ನಾನು ದಿನ ಎಣಿಸಿ ಗುಂಡಿ ಇಳಿಸುತ್ತಾ ಹೋದೆ. ಒಂಬತ್ತು. ಎಂಟು. ಏಳು. ಏನೂ ಆಗಲಿಲ್ಲ. ಆರಕ್ಕೆ ಇಳಿಸಿದ ದಿನ ಮಧ್ಯಾಹ್ನ ಊಟದ ನಡುವೆ ಅವನು ತಾನಾಗಿಯೇ ಮಾತು ತೆಗೆದ.

"ಒಂದು ಗುಡ್ಡದಲ್ಲಿ ನಮ್ಮಂಥೋರೇ ಇದ್ದರು. ಜೇನಿನವರು. ಮಗುವಿನ ಎಡಗಾಲಿನ ಹೆಬ್ಬೆರಳು ಹೊರಗಡೆ ವಾಲಿತ್ತು. ಜಾಜಿಗೂ ಹಾಗೇ ಇದೆ." ಮುದ್ದೆ ಮುರಿದ. "ಬೆಂಕಿ ಬಿದ್ದ ಮೇಲೆ ಹೋಗಿ ಎಣಿಸಿದೆ. ನಾಲ್ಕೂ ಇತ್ತು. ಇನ್ನೊಂದು ಸೌಟು ಸಾರು ಹಾಕು."

ಅಕ್ಕ ಎದ್ದು ಹಿತ್ತಲಿಗೆ ಹೋದಳು. ಜಾಜಿ ತನ್ನ ಕಾಲನ್ನು ಲಂಗದ ಕೆಳಗೆ ಎಳೆದುಕೊಂಡಳು. ಸಾರನ್ನು ನಾನೇ ಬಡಿಸಿದೆ.

ಆ ಸಂಜೆ ಅಕ್ಕ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಇದೆಲ್ಲ ಒಂದೇ ಸಲ ಮೇಲ್ ಬಂದ್ರೆ ಅವ್ನು ಉಳ್ದಾನಾ? ಹತ್ತಕ್ಕೇ ಇಟ್ಬುಡು. ದಿಮ್ಮಿ ಆದ್ರೂ ಇರ್ಲಿ, ಉಸಿರಾಡೋ ದಿಮ್ಮಿ."

"ಅಕ್ಕ, ಇಲ್ಲಿ ತಾ."

"ನೀನ್ ಯಾಕ್ಲಾ ಹಟ ಹಿಡ್ದಿದೀಯ?"

ಅವನ ಒಳ್ಳೆಯದಕ್ಕೆ ಎಂದು ಹೇಳಿದೆ. ಸುಳ್ಳು. ಆ ಮೇಡಂ ಇಟ್ಟ ಜಾಗದಲ್ಲಿ ಅವನು ಇರುವುದನ್ನು ನನ್ನಿಂದ ನೋಡಲು ಆಗುತ್ತಿರಲಿಲ್ಲ, ನಿಜ ಅಷ್ಟೇ. ಒಳ್ಳೆಯತನದಿಂದ ಮಾಡಿದವನಾಗಿದ್ದರೆ ಅಕ್ಕನ ಮಾತು ಕೇಳಿ ಹತ್ತಕ್ಕೇ ತಿರುಗಿಸಿಬಿಡುತ್ತಿದ್ದೆನೋ ಏನೋ. ಹೊಟ್ಟೆಕಿಚ್ಚು ನನ್ನನ್ನು ನಿಲ್ಲಲು ಬಿಡಲಿಲ್ಲ, ಪೆಟ್ಟಿಗೆಯನ್ನು ಅಕ್ಕನ ಕೈಯಿಂದ ವಾಪಸು ಕಿತ್ತುಕೊಂಡೆ.

ಐದು, ನಾಲ್ಕು, ಮೂರು, ಎರಡು. ಪೆಟ್ಟಿಗೆಯ ಪರದೆಯಲ್ಲಿ ಗೆರೆ ಹಾಗೇ ಮಲಗಿತ್ತು. ಒಂದಕ್ಕೆ ಬಂದಾಗಲೂ ಅಲುಗಲಿಲ್ಲ. ಒತ್ತಿಟ್ಟದ್ದು ಅಲ್ಲೇ ಸತ್ತುಹೋಗಿರಬೇಕು ಎಂದು ಮೊದಲ ಸಲ ಹೆದರಿದೆ.

*

ನಲವತ್ತನೆಯ ದಿನ ಬೆಳಿಗ್ಗೆ ಅವನನ್ನು ಜೇನುಬಂಡೆಗೆ ಕರೆದೊಯ್ದೆ. ಅಕ್ಕನೂ ಬಂದಳು, ಜಾಜಿಯನ್ನೂ ಕರೆತಂದಳು. ತುಪ್ಪ ಇಳಿಸುವ ಯೋಚನೆ ಇರಲಿಲ್ಲ. ಗೂಡುಗಳಿದ್ದ ಮಗ್ಗುಲು ಬಿಟ್ಟು, ಬರೀ ಬಂಡೆಯಿದ್ದ ಕಡೆ ನಾಲ್ಕಾಳು ಆಳ ಇಳಿಸಿ ನೋಡೋಣ, ಹಗ್ಗ ಅವನಿಗೆ ಏನಾದರೂ ನೆನಪಿಸೀತು ಎಂಬ ಆಸೆ. ಹಗ್ಗದ ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದನ್ನು ಅವನ ಸೊಂಟಕ್ಕೆ ಬಿಗಿದು, ನಡುವಿನದನ್ನು ನನ್ನ ಬೆನ್ನಿಗೆ ಸುತ್ತಿ ಹಿಡಿದೆ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಪೆಟ್ಟಿಗೆಯನ್ನು ಅಕ್ಕನ ಕೈಗೆ ಕೊಟ್ಟೆ.

ಅವನು ಇಳಿದ. ಹಾಡಲಿಲ್ಲ. ಕಾಲು ಮಾತ್ರ ಮೊದಲಿನ ಹಾಗೇ ಬಂಡೆಯ ಮೇಲೆ ಸರಿಯಾದ ಜಾಗ ಹುಡುಕುತ್ತಿತ್ತು. ಹಾಡಿಲ್ಲದೆ ಹಗ್ಗ ಬಿಡುವುದು ಕುರುಡನ ಕೆಲಸ. ನನ್ನ ಬೆವರು ಕಣ್ಣಿಗೆ ಇಳಿಯಿತು.

ಆಗ ಜಾಜಿ ಹಾಡತೊಡಗಿದಳು. ಆರು ವರ್ಷದ ಹುಡುಗಿ, ನಾನೇ ಹೆಗಲ ಮೇಲೆ ಕೂರಿಸಿಕೊಂಡು ಅವಳಿಗೆ ಅಪ್ಪನ ಹಾಡು ಕಲಿಸಿದ್ದೆ. ಹೆಜ್ಜೇನನ್ನು ತಂಗಿ ಎಂದು ಕರೆದು, ನಿನ್ನ ಮನೆಗೆ ಬಂದಿದ್ದೇನೆ, ಕಚ್ಚಬೇಡ ಎಂದು ಕೇಳಿಕೊಳ್ಳುವ ಹಾಡು. ತುಪ್ಪದ ಪಾಲ ಕೊಡು ತಂಗಿ, ಎಂದು ಹಾಡಿದಳು. ಮತ್ತೆ ಅದನ್ನೇ ಹಾಡಿದಳು, ತುಪ್ಪದ ಪಾಲ ಕೊಡು ತಂಗಿ.

"ತಪ್ಪು," ಎಂದಿತು ಕೆಳಗಿನಿಂದ ಒಂದು ದನಿ.

ಜಾಜಿ ನಿಲ್ಲಿಸಿದಳು.

"ಅದಾದ್ ಮೇಲೆ ಬ್ಯಾರೆ ಅದೆ. ಯಾರ್ ಹೇಳ್ಕೊಟ್ಟಿದ್ದು ನಿಂಗೆ?"

"ಮಾವ," ಎಂದಳು ಜಾಜಿ.

"ಅವನಿಗೇನ್ ಗೊತ್ತು? ಮೇಲ್ ಕೂತೋನು ಅರ್ಧ ಕೇಳ್ದೋನು. ನನ್ನ ಹಾಡು ಅದು. ನನ್ನ ಮಗಳು ನೀನು. ನಾನ್ ಹೇಳ್ಕೊಡ್ಬೇಕು, ಅವ್ನಲ್ಲ."

ಆ ದನಿಯನ್ನು ನಾನು ಗುರುತು ಹಿಡಿಯದೆ ಇರುವುದುಂಟೇ? ಹುಟ್ಟಿದಾಗಿನಿಂದ ಅದು ನನ್ನೊಳಗೇ ಇದೆ. ನನ್ನ ಭಾವ ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದ. ಮಾತು ಕೂಡ ಮೇಡಂದು ಬಿಟ್ಟು ಹಾಡಿಯದಾಗಿತ್ತು. ನಗು ಬಂತು, ಕಣ್ಣೂ ತುಂಬಿತು. ಅಕ್ಕ ಪೆಟ್ಟಿಗೆಯನ್ನು ಎತ್ತಿ ತೋರಿಸಿದಳು. ಗೆರೆ ಎದ್ದು ನಿಂತಿತ್ತು.

ಕೆಳಗೆ ಹಾಡು ಶುರುವಾಯಿತು. ಒಡೆದ ಗಂಟಲು, ಆದರೂ ಅದೇ ಧಾಟಿ. ತುಪ್ಪದ ಪಾಲ ಕೊಡು ತಂಗಿ, ಎಂದ. ಆ ದಿನ ಗಾಳಿ ಇರಲಿಲ್ಲ. ಇಷ್ಟು ವರ್ಷ ನನಗೆ ಕೇಳಿಸದೆ ಉಳಿದಿದ್ದ ಸಾಲು ಮೊದಲ ಸಲ ಮೇಲೆ ಬಂತು. "ಮರಿಗಳ ಪಾಲ ಮುಟ್ಟೆನು ತಂಗಿ."

ಅಲ್ಲಿಗೆ ಹಾಡು ನಿಂತಿತು.

ನಿಂತರೆ ಎಳೆಯಬೇಕು. ಎಳೆದೆ. ಅವನು ಕಾಲು ಕೊಡಲಿಲ್ಲ, ಇಡೀ ಮೈ ಹೆಣಭಾರವಾಗಿ ತೂಗುಬಿದ್ದಿತ್ತು. ಕೆಳಗಿನಿಂದ ಬಂದದ್ದು ಅಳುವೆಂದು ಹೇಳಲಾರೆ, ಅಂಥ ಸದ್ದನ್ನು ನಾನು ಉರುಳಿಗೆ ಸಿಕ್ಕ ಪ್ರಾಣಿಯ ಗಂಟಲಿನಲ್ಲಿ ಮಾತ್ರ ಕೇಳಿದ್ದೇನೆ. ಆಮೇಲೆ ಮಾತು ಬಂತು.

"ಮರೀನೂ ಮುಟ್ಟುದ್ನಲ್ಲಾ. ಮರೀನೂ ಮುಟ್ಟುದೆ. ಬುಡ್ಲಾ ಹಗ್ಗವ."

"ಬುಡಲ್ಲ ಭಾವ. ಕಾಲ್ ಕೊಡು."

ಬಗ್ಗಿ ನೋಡಿದೆ. ಅವನ ಕೈ ಸೊಂಟದ ಗಂಟನ್ನು ಬಿಚ್ಚಲು ತಡಕಾಡುತ್ತಿತ್ತು. ಹಗ್ಗ ನನ್ನ ಅಂಗೈಯ ಚರ್ಮವನ್ನು ಸುಲಿಯುತ್ತಿತ್ತು. ಅವನು ಒಂದು ಕೈಯನ್ನು ಬುಗುಡಿಗೆ ಒತ್ತಿಕೊಂಡ.

"ಮೇಡಂ," ಎಂದು ಕರೆದ. "ಮೇಡಂ, ಹಗ್ಗ ಯಾರ ಕೈಲಿದೆ?"

"ನನ್ ಕೈಲದೆ," ಎಂದು ಕೂಗಿದೆ. "ಮುತ್ತನ ಕೈಲದೆ ಭಾವ." ಮತ್ತೆ ಕೂಗಿದೆ. ಎಷ್ಟು ಸಲ ಕೂಗಿದೆನೋ. ಅವನ ಮುಖ ನನ್ನ ಕಡೆ ತಿರುಗಲೇ ಇಲ್ಲ. ನಾಲ್ಕು ವರ್ಷ ಒಂದೇ ದನಿಗೆ ಕಾದಿದ್ದ ಕಿವಿ ಅದು. ಗಂಟಿನ ಒಂದು ಸುತ್ತು ಆಗಲೇ ಬಿಚ್ಚಿಕೊಂಡಿತ್ತು.

ಸತ್ತರೂ ಒತ್ತುವುದಿಲ್ಲ ಎಂದವನು ನಾನು. ಸಾಯುತ್ತಿದ್ದವನು ಅವನು.

"ಅಕ್ಕ, ಕೆಂಪು ಗುಂಡಿ ಒತ್ತು."

ಅಕ್ಕನ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಗಂಡನ ಜೀವವನ್ನು ಆ ಹೆಂಗಸಿನ ಕೈಯಿಂದ ಕೇಳಿ ತೆಗೆದುಕೊಳ್ಳಬೇಕಲ್ಲ ಎಂಬುದು ಅವಳ ಮುಖದಲ್ಲಿ ಕಂಡಿತು. ಅದೇ ನನ್ನ ಮುಖದಲ್ಲೂ ಇತ್ತೆಂದು ಕಾಣುತ್ತದೆ, ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅವಳು ಹಲ್ಲು ಕಚ್ಚಿ ಒತ್ತಿದಳು.

"ಹಲೋ?" ಎಂದಿತು ಪೆಟ್ಟಿಗೆ. ನೆಗಡಿ ವಾಸಿಯಾಗಿತ್ತು.

"ಹಗ್ಗ ಯಾರ ಕೈಲದೆ ಅಂತ ಕೇಳ್ತಾವ್ನೆ ತಾಯಿ," ಎಂದಳು ಅಕ್ಕ. "ಸರ್ಯಾಗಿ ಹೇಳಿ."

ಮುತ್ತನ ಕೈಲದೆ ಎಂದು ನಾನು ಇನ್ನೂ ಕೂಗುತ್ತಲೇ ಇದ್ದೆ, ಆ ಕೂಗು ಪೆಟ್ಟಿಗೆಗೂ ಕೇಳಿಸಿರಬೇಕು.

"ಬೊಮ್ಮ ಅವರೇ," ಎಂದಳು ಸುಹಾಸಿನಿ. ಕೆಳಗೆ ಅವನ ಕೈ ಗಂಟಿನ ಮೇಲೆ ನಿಂತಿತು. "ಬೊಮ್ಮ ಅವರೇ, ಹಗ್ಗ ಮುತ್ತನ ಕೈಲಿದೆ. ಯಾವತ್ತೂ ಕೇಂದ್ರದ ಕೈಲಿ ಇರಲಿಲ್ಲ. ನಾನು ಸುಳ್ಳು ಹೇಳಿದ್ದೆ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಹಗ್ಗದ ಭಾರ ತಟ್ಟನೆ ಅರ್ಧಕ್ಕೆ ಇಳಿಯಿತು. ಅವನ ಕಾಲಿಗೆ ಬಂಡೆ ಸಿಕ್ಕಿತ್ತು.

ಮೇಲೆ ಬಂದವನು ಯಾರ ಕಡೆಗೂ ನೋಡದೆ ಜಾಜಿಯ ಮುಂದೆ ಕುಸಿದು ಕುಳಿತ. ಅವಳ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ವಾಲಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದು ಅಳತೊಡಗಿದ. ಅಕ್ಕ ಅವನ ಕಿವಿಯ ಹಿಂದೆ ಕೈ ಹಾಕಿ ಬುಗುಡಿಯನ್ನು ಮೆಲ್ಲಗೆ ಬಿಡಿಸಿದಳು. ಇನ್ನು ಎಷ್ಟು ದಿನ, ಎಷ್ಟು ವರ್ಷ ಅವನು ಹೀಗೆ ಅಳಬೇಕೋ ನಮಗೆ ಗೊತ್ತಿರಲಿಲ್ಲ. ಆ ನಾಲ್ವರು ಇನ್ನು ಮೇಲೆ ನಮ್ಮ ಮನೆಯಲ್ಲೇ ಇರುತ್ತಾರೆ ಎಂಬುದು ಮಾತ್ರ ಗೊತ್ತಿತ್ತು.

ಜಾಜಿ ಹೆದರಿ ನನ್ನ ಕಡೆ ಕೈ ಚಾಚಿದಳು. ಅಭ್ಯಾಸಬಲದಿಂದ ನಾನು ಹತ್ತಿರ ಹೋದೆ.

"ನೀನ್ ಆ ಕಡೆ ಹೋಗ್ಲಾ," ಎಂದ ಭಾವ ಅಳುವಿನ ನಡುವೆಯೇ, ಮಗಳನ್ನು ಎದೆಗೆ ಎಳೆದುಕೊಂಡು. "ನನ್ ಮಗಳು."

ನಾನು ಆ ಕಡೆ ಹೋಗಿ ಹಗ್ಗ ಸುತ್ತುತ್ತಾ ಕುಳಿತೆ. ಹತ್ತು ಸಲ ನಾನು ಕೂಗಿದ್ದನ್ನೇ ಅವಳು ಒಂದು ಸಲ ಹೇಳಿದ್ದಕ್ಕೆ ಕೇಳಿದನಲ್ಲ ಎಂದು ಹೊಟ್ಟೆ ಆಗಲೂ ಉರಿಯುತ್ತಿತ್ತು. ಅಂಗೈಯಿಂದ ರಕ್ತ ಹಗ್ಗಕ್ಕೆ ಹತ್ತಿತ್ತು, ಯಾರೂ ಕೇಳಲಿಲ್ಲ.